ಪದರದ ಲೆಕ್ಕ: ಅರೆವಾಹಕ ನ್ಯಾನೋತಂತಿಗಳಲ್ಲಿ ಸ್ಫಟಿಕ ದೋಷಗಳ ಪಾತ್ರ



ದತ್ತಿ ಉಪನ್ಯಾಸಗಳಲ್ಲಿ ಪೀಠಿಕೆಯೇ ಅರ್ಧ ಹೊತ್ತು ನುಂಗುವುದುಂಟು. ಅದನ್ನು ಬಿಟ್ಟು ನೇರವಾಗಿ 1940ರ ದಶಕದ ಅಮೆರಿಕದ ಟೆಲಿಫೋನ್ ಜಾಲಕ್ಕೆ ಬರುತ್ತೇನೆ. ಬೆಲ್ ಸಂಸ್ಥೆಯ ದೂರಸಂಪರ್ಕ ಮಾರ್ಗಗಳಲ್ಲಿ ಬಳಸುತ್ತಿದ್ದ ಫಿಲ್ಟರ್‌ಗಳು ಕಾರಣವಿಲ್ಲದೆ ಕೆಡತೊಡಗಿದವು. ಬಿಚ್ಚಿ ನೋಡಿದರೆ ಕ್ಯಾಡ್ಮಿಯಂ ಲೇಪನದ ಮೇಲೆ ಲೋಹದ ಸಣ್ಣ ಸಣ್ಣ ಎಳೆಗಳು ತಾವಾಗಿಯೇ ಬೆಳೆದು, ಎದುರಿನ ಭಾಗವನ್ನು ಮುಟ್ಟಿ, ಶಾರ್ಟ್ ಸರ್ಕ್ಯೂಟ್ ಮಾಡಿದ್ದವು. ಕ್ಯಾಡ್ಮಿಯಂ ಬೇಡವೆಂದು ತವರ ಬಳಿದರು. ತವರದ ಮೇಲೂ ಬೆಳೆದವು. ಇಂಗ್ಲಿಷಿನಲ್ಲಿ ಅವಕ್ಕೆ ವಿಸ್ಕರ್ ಎಂದು ಹೆಸರಾಯಿತು. ಎಂಜಿನಿಯರುಗಳಿಗೆ ಅದು ತಲೆನೋವು. ಅದೇ ಸಂಸ್ಥೆಯ ಭೌತವಿಜ್ಞಾನಿಗಳಿಗೆ ಅದರಲ್ಲಿ ಬೇರೆಯದೇ ಕಂಡಿತು.

1952ರಲ್ಲಿ ಬೆಲ್ ಪ್ರಯೋಗಾಲಯದ ಕನ್ಯರ್ಸ್ ಹೆರಿಂಗ್ ಮತ್ತು ಜಾನ್ ಗಾಲ್ಟ್ ಅಂಥ ತವರದ ಎಳೆಗಳನ್ನು ಹಿಡಿದು ಬಗ್ಗಿಸಿ ನೋಡಿದರು. ದಪ್ಪ 2 ಮೈಕ್ರೋಮೀಟರಿಗೂ ತುಸು ಕಡಿಮೆ. ಶೇ. 2ರಿಂದ 3ರಷ್ಟು ಹಿಗ್ಗುವ ಮಟ್ಟಿಗೆ ಬಗ್ಗಿಸಿ ಬಿಟ್ಟರೂ ಎಳೆ ಮತ್ತೆ ನೆಟ್ಟಗಾಗುತ್ತಿತ್ತು. ಮಾಮೂಲಿ ತವರದ ತಂತಿಯನ್ನು ಹಾಗೆ ಬಗ್ಗಿಸಿದರೆ ಬಗ್ಗಿದಲ್ಲೇ ನಿಲ್ಲುತ್ತದೆ. ಯಾಕೆ ಈ ವ್ಯತ್ಯಾಸ? ಪರಮಾಣುಗಳ ನಡುವಿನ ಬಂಧದ ಲೆಕ್ಕ ಹಿಡಿದರೆ ಲೋಹ ಎಷ್ಟು ಬಲ ತಡೆಯಬೇಕು ಎಂಬುದನ್ನು ಫ್ರೆಂಕೆಲ್ 1926ರಲ್ಲೇ ಅಂದಾಜು ಮಾಡಿದ್ದರು. ನಿಜವಾದ ಲೋಹಗಳು ಅದರ ನೂರನೆಯ, ಸಾವಿರದನೆಯ ಒಂದು ಪಾಲಿಗೇ ಮಣಿಯುತ್ತಿದ್ದವು. 1934ರಲ್ಲಿ ಟೇಲರ್, ಒರೊವಾನ್, ಪೊಲಾನ್ಯಿ ಮೂವರೂ ಬೇರೆ ಬೇರೆಯಾಗಿ ಉತ್ತರ ಕೊಟ್ಟರು: ಸ್ಫಟಿಕದ ಒಳಗೆ ಪರಮಾಣುಗಳ ಸಾಲು ತಪ್ಪಿದ ಗೆರೆಗಳಿವೆ, ಡಿಸ್‌ಲೊಕೇಶನ್‌ಗಳಿವೆ, ಲೋಹ ಮಣಿಯುವುದೆಂದರೆ ಆ ಗೆರೆಗಳು ಸರಿಯುವುದು. ತವರದ ಎಳೆಯಲ್ಲಿ ಸರಿಯುವುದಕ್ಕೆ ಅಂಥ ಗೆರೆಗಳು ಹೆಚ್ಚುಕಡಿಮೆ ಇರಲಿಲ್ಲ, ಆದ್ದರಿಂದ ಅದು ಲೆಕ್ಕ ಹೇಳಿದಷ್ಟೇ ಗಟ್ಟಿ. ಸಣ್ಣ ಎಳೆ ಭೌತವಿಜ್ಞಾನದೊಳಕ್ಕೆ ಕಾಲಿಟ್ಟದ್ದು ನಿರ್ದೋಷ ಸ್ಫಟಿಕವೆಂಬ ಕೀರ್ತಿಯೊಂದಿಗೆ.

ಆದರೆ ಎಳೆ ಉದ್ದಕ್ಕೇ ಏಕೆ ಬೆಳೆಯಬೇಕು, ಅಗಲಕ್ಕೆ ಏಕೆ ಬೆಳೆಯಬಾರದು? ಇದಕ್ಕೆ ಸಿಕ್ಕ ಮೊದಲ ಉತ್ತರ ತಮಾಷೆಯಾಗಿದೆ: ದೋಷದಿಂದ. 1949ರಲ್ಲಿ ಬ್ರಿಸ್ಟಲ್‌ನ ಚಾರ್ಲ್ಸ್ ಫ್ರಾಂಕ್ ಒಂದು ಮಾತು ಹೇಳಿದ್ದರು. ನುಣುಪಾದ ಸ್ಫಟಿಕದ ಮುಖದ ಮೇಲೆ ಹೊಸ ಪದರ ಶುರುವಾಗುವುದು ಕಷ್ಟ. ಆದರೆ ಸ್ಕ್ರೂ ಡಿಸ್‌ಲೊಕೇಶನ್ ಒಂದು ಆ ಮುಖಕ್ಕೆ ಬಂದು ತಾಗಿದರೆ ಅಲ್ಲಿ ಎಂದೂ ಮುಗಿಯದ ಮೆಟ್ಟಿಲೊಂದು ಉಳಿಯುತ್ತದೆ. ಪರಮಾಣುಗಳು ಅದಕ್ಕೆ ಅಂಟುತ್ತಾ ಸುರುಳಿ ಸುತ್ತುತ್ತವೆ. ಮರುವರ್ಷವೇ ಗ್ರಿಫಿನ್ ಬೆರಿಲ್ ಸ್ಫಟಿಕದ ಮೇಲೆ ಆ ಸುರುಳಿಯನ್ನು ಕಂಡರು. 1951ರಲ್ಲಿ, ಲಂಡನ್ನಿನಲ್ಲಿ ಟೊಲಾನ್‌ಸ್ಕಿಯವರ ಬಳಿ ಕೆಲಸ ಮಾಡುತ್ತಿದ್ದ ನಮ್ಮ ಅಜಿತ್ ರಾಮ್ ವರ್ಮಾ ಸಿಲಿಕಾನ್ ಕಾರ್ಬೈಡ್ ಮೇಲಿನ ಸುರುಳಿಗಳ ಮೆಟ್ಟಿಲು ಅಳೆದರು. ಎತ್ತರ 1.5 ನ್ಯಾನೋಮೀಟರ್, ಅದೂ ಬೆಳಕಿನ ಮೈಕ್ರೋಸ್ಕೋಪು ಮತ್ತು ವ್ಯತಿಕರಣದ ಪಟ್ಟೆಗಳಿಂದ! ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ನಿರ್ದೇಶಕರಾಗಿ ವರ್ಮಾ ಹಲವರಿಗೆ ಗೊತ್ತು; ಈ ಅಳತೆಯನ್ನು ನೆನೆಯುವವರು ಕಡಿಮೆ. ನಮ್ಮ ಬೆಂಗಳೂರಿನದೂ ಒಂದು ಮಾತು ಇಲ್ಲಿ ಸೇರಲಿ: ಜಿ. ಎನ್. ರಾಮಚಂದ್ರನ್ ಪ್ರೋಟೀನುಗಳ ಕಡೆ ಹೋಗುವ ಮುಂಚೆ, 1944ರಲ್ಲಿ, ವಜ್ರದ ತಟ್ಟೆಗಳನ್ನು ಎಕ್ಸ್-ಕಿರಣದಲ್ಲಿ ನಿಲ್ಲಿಸಿ ಒಳಗಿನ ನ್ಯೂನತೆಗಳ ನಕ್ಷೆಯನ್ನೇ ಚಿತ್ರವಾಗಿ ತೆಗೆದಿದ್ದರು.

ಮುಂದೆ 1955ರಲ್ಲಿ ಸಿಯರ್ಸ್ ಪಾದರಸದ ಎಳೆಗಳನ್ನು ಬೆಳೆಸಿ, ಫ್ರಾಂಕ್ ಹೇಳಿದ ಸುರುಳಿ ಮೆಟ್ಟಿಲನ್ನೇ ಎಳೆಯ ತುದಿಗೆ ಹೊಂದಿಸಿದರು. ಪಕ್ಕದ ಗೋಡೆಗಳು ನುಣುಪು, ಅಲ್ಲಿ ಪರಮಾಣು ನಿಲ್ಲದು. ನಡುವಿನಲ್ಲಿ ಹಾದುಹೋಗುವ ಒಂದೇ ಒಂದು ಡಿಸ್‌ಲೊಕೇಶನ್ ತುದಿಯಲ್ಲಿ ಮೆಟ್ಟಿಲು ಕೊಡುತ್ತದೆ. ಆದ್ದರಿಂದ ಎಳೆ ಉದ್ದವಾಗುತ್ತದೆ. ಸೊಗಸಾದ ವಿವರಣೆ. ಸುಮಾರು ಹತ್ತು ವರ್ಷ ಎಲ್ಲರೂ ಒಪ್ಪಿದ್ದರು.

1964ರಲ್ಲಿ ಬೆಲ್ ಪ್ರಯೋಗಾಲಯದ ವ್ಯಾಗ್ನರ್ ಮತ್ತು ಎಲ್ಲಿಸ್ ಸಿಲಿಕಾನ್ ಎಳೆಗಳಲ್ಲಿ ಆ ಡಿಸ್‌ಲೊಕೇಶನ್ ಇಲ್ಲವೆಂದು ಬರೆದರು. ಅದರ ಬದಲು ಕಂಡದ್ದು ಬೇರೆ ಎರಡು: ಕಲಬೆರಕೆ ಲೋಹವೊಂದು ಇರದಿದ್ದರೆ ಎಳೆ ಬೆಳೆಯುವುದೇ ಇಲ್ಲ, ಬೆಳೆದ ಪ್ರತಿ ಎಳೆಯ ನೆತ್ತಿಯ ಮೇಲೂ ಒಂದು ಪುಟ್ಟ ಗುಂಡಿದೆ. ಅವರು ಬಳಸಿದ ಲೋಹ ಚಿನ್ನ. ಅದು ಕರಗುವುದು 1064 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸಿಲಿಕಾನ್ 1414ರಲ್ಲಿ. ಎರಡನ್ನೂ ಸರಿಯಾದ ಪ್ರಮಾಣದಲ್ಲಿ ಬೆರೆಸಿದರೆ ಬರೀ 363ರಲ್ಲಿ ಕರಗಿ ನೀರಾಗುತ್ತದೆ. ಚಿನ್ನದ ಕಣವನ್ನು ಸಿಲಿಕಾನ್ ಮೇಲಿಟ್ಟು 950 ಡಿಗ್ರಿಗೆ ಕಾಯಿಸಿ, ಸಿಲಿಕಾನ್ ಟೆಟ್ರಾಕ್ಲೋರೈಡ್ ಆವಿ ಮತ್ತು ಹೈಡ್ರೋಜನ್ ಹಾಯಿಸಿದರು. ಚಿನ್ನವೂ ಸಿಲಿಕಾನೂ ಬೆರೆತು ಕರಗಿದ ಹನಿ ಆವಿಯಿಂದ ಸಿಲಿಕಾನನ್ನು ಹೀರುತ್ತದೆ, ತುಂಬಿ ತುಳುಕುತ್ತದೆ, ಹೆಚ್ಚಾದದ್ದನ್ನು ತನ್ನ ಬುಡದಲ್ಲಿ ಪದರ ಪದರವಾಗಿ ಇಳಿಸುತ್ತದೆ. ಹನಿ ಮೇಲೇರುತ್ತದೆ, ಕೆಳಗೆ ತಂತಿ ಉಳಿಯುತ್ತದೆ. ಹನಿಯ ಅಗಲವೇ ತಂತಿಯ ಅಗಲ. 1990ರ ದಶಕದಲ್ಲಿ ಹಿಟಾಚಿಯ ಕೆಂಜಿ ಹಿರುಮಾ ತಂಡ, ಹಾರ್ವರ್ಡ್‌ನ ಚಾರ್ಲ್ಸ್ ಲೀಬರ್, ಆಮೇಲೆ ಸ್ವೀಡನ್ನಿನ ಲುಂಡ್‌ನಲ್ಲಿ ಲಾರ್ಸ್ ಸಾಮ್ಯುಯೆಲ್ಸನ್ ಮೊದಲಾದವರು ಆ ಅಗಲವನ್ನು ಹತ್ತಾರು ನ್ಯಾನೋಮೀಟರಿಗೆ ಇಳಿಸಿದರು. ನಾನು ನ್ಯಾನೋತಂತಿ ಎನ್ನುವುದು ಇದನ್ನೇ.

ಇಷ್ಟು ಸಣ್ಣದಾದಾಗ ಲೆಕ್ಕವೇ ಬದಲಾಗುತ್ತದೆ. 20 ನ್ಯಾನೋಮೀಟರ್ ದಪ್ಪ, 1 ಮೈಕ್ರೋಮೀಟರ್ ಉದ್ದದ ಸಿಲಿಕಾನ್ ತಂತಿಯೊಂದನ್ನು ತೆಗೆದುಕೊಳ್ಳಿ. ಅದರಲ್ಲಿ ಸುಮಾರು ಒಂದೂವರೆ ಕೋಟಿ ಪರಮಾಣುಗಳಿವೆ. ಒಂದು ಘನ ಸೆಂಟಿಮೀಟರಿಗೆ 10¹⁷ ಫಾಸ್ಫರಸ್ ಪರಮಾಣುಗಳಂತೆ ಡೋಪಿಂಗ್ ಮಾಡಿದ್ದೇವೆ ಎಂದಿಟ್ಟುಕೊಳ್ಳೋಣ. ಟ್ರಾನ್ಸಿಸ್ಟರಿನ ಲೋಕದಲ್ಲಿ ಇದು ಸಾಧಾರಣ ಪ್ರಮಾಣ. ನಮ್ಮ ತಂತಿಯ ಪಾಲಿಗೆ ಬರುವುದು 31. ದೊಡ್ಡ ಸ್ಫಟಿಕದಲ್ಲಿ ನಾವು ಸರಾಸರಿಯ ಭಾಷೆ ಆಡುತ್ತೇವೆ. ಇಲ್ಲಿ ಸರಾಸರಿಗೆ ಅರ್ಥ ಉಳಿಯುವುದಿಲ್ಲ. ಪಕ್ಕದ ತಂತಿಯಲ್ಲಿ 25 ಇರಬಹುದು, ಅದರಾಚೆಯದರಲ್ಲಿ 38. ಡೋಪಿಂಗ್ ಪರಮಾಣು ಕೂಡ ಸ್ಫಟಿಕದ ಕಣ್ಣಿನಲ್ಲಿ ದೋಷವೇ. ನಾವು ಬೇಕೆಂದು ಹಾಕಿದ್ದೇವೆ, ಅಷ್ಟೆ. ಇವತ್ತು ನಾನು ಹೇಳಬೇಕಾದದ್ದು ಇದರ ಆಸುಪಾಸಿನಲ್ಲೇ ಇದೆ. ನ್ಯಾನೋತಂತಿಯಲ್ಲಿ ದೋಷ ಇದೆಯೋ ಇಲ್ಲವೋ ಎಂದು ಕೇಳಿ ಪ್ರಯೋಜನ ಕಡಿಮೆ. ಯಾವುದು, ಎಲ್ಲಿ, ಯಾವ ಕ್ರಮದಲ್ಲಿ ಎಂದು ಕೇಳಬೇಕು. ಅಡ್ಡಾದಿಡ್ಡಿಯಾಗಿ ಬಂದರೆ ತಂತಿಯನ್ನು ಕೆಡಿಸುವ ದೋಷವೇ ಲೆಕ್ಕಕ್ಕೆ ಸರಿಯಾಗಿ ಬಂದರೆ ಅದಕ್ಕೆ ಹೊಸ ಗುಣ ಕೊಡುತ್ತದೆ.

ಇದಕ್ಕೆ ಒಳ್ಳೆಯ ಸಾಕ್ಷಿ ಗ್ಯಾಲಿಯಂ ಆರ್ಸೆನೈಡ್, ಇಂಡಿಯಂ ಫಾಸ್ಫೈಡ್, ಇಂಡಿಯಂ ಆರ್ಸೆನೈಡ್‌ಗಳ ತಂತಿಗಳು. ತಳ್ಳುಗಾಡಿಯವನು ಕಿತ್ತಳೆ ಹಣ್ಣು ಪೇರಿಸುವುದನ್ನು ನೋಡಿದ್ದೀರಿ. ಮೊದಲ ಪದರಕ್ಕೆ ಎ ಎನ್ನೋಣ. ಎರಡನೆಯ ಪದರ ಅದರ ಗುಂಡಿಗಳಲ್ಲಿ ಕೂರುತ್ತದೆ, ಅದು ಬಿ. ಮೂರನೆಯದಕ್ಕೆ ಎರಡು ದಾರಿ: ಮೊದಲ ಪದರದ ನೇರ ನೆತ್ತಿಯ ಮೇಲೆ ಕೂರಬಹುದು, ಇಲ್ಲವೇ ಎರಡರ ಮೇಲೂ ಬಾರದ ಹೊಸ ಜಾಗದಲ್ಲಿ, ಅಂದರೆ ಸಿ ಜಾಗದಲ್ಲಿ ಕೂರಬಹುದು. ಹಣ್ಣಿನವನಿಗೆ ಎರಡೂ ಒಂದೇ. ಸ್ಫಟಿಕಕ್ಕೆ ಹಾಗಲ್ಲ. ಎ-ಬಿ-ಸಿ, ಎ-ಬಿ-ಸಿ ಎಂದು ಹೋದರೆ ಘನಾಕೃತಿಯ ಜಿಂಕ್ ಬ್ಲೆಂಡ್; ಎ-ಬಿ, ಎ-ಬಿ ಎಂದು ಹೋದರೆ ಷಟ್ಕೋನದ ವುರ್ಟ್‌ಸೈಟ್. ಗ್ಯಾಲಿಯಂ ಆರ್ಸೆನೈಡ್‌ನಲ್ಲಿ ಒಂದೊಂದು ಹಣ್ಣಿನ ಜಾಗದಲ್ಲಿ ಗ್ಯಾಲಿಯಂ–ಆರ್ಸೆನಿಕ್ ಜೋಡಿ ಇರುತ್ತದೆ. ದೊಡ್ಡ ಗಟ್ಟಿಯಾಗಿ ಬೆಳೆಸಿದಾಗ ಅದು ಎ-ಬಿ-ಸಿ ಬಿಟ್ಟು ಬೇರೆ ಹಾಡುವುದಿಲ್ಲ.

ಈಗ ಒಂದು ಪದರ ತಪ್ಪಿ ಕೂತಿತೆನ್ನಿ. ಎ-ಬಿ-ಸಿ-ಎ-ಬಿ-ಸಿ ಎಂದು ಬಂದ ಸಾಲು ಅಲ್ಲಿಂದ ಬಿ-ಎ-ಸಿ-ಬಿ-ಎ ಎಂದು ಹಿಂದುಮುಂದಾಗಿ ಸಾಗುತ್ತದೆ. ಮೇಲಿನ ಭಾಗ ಕೆಳಗಿನದರ ಕನ್ನಡಿ ಬಿಂಬ. ಇದು ಅವಳಿ ತಲ. ಗಮನಿಸಿ, ಆ ತಪ್ಪಿದ ಜಾಗದಲ್ಲಿ ಬಿ-ಸಿ-ಬಿ ಎಂಬ ತುಣುಕಿದೆ. ಅದು ಷಟ್ಕೋನದ ಪೇರಿಕೆ. ಒಂದು ಸಲ ತಪ್ಪಿದರೆ ಅವಳಿ. ಒಂದೊಂದು ಪದರವೂ ತಪ್ಪುತ್ತಲೇ ಹೋದರೆ ವುರ್ಟ್‌ಸೈಟ್, ಇನ್ನೊಂದು ಸ್ಫಟಿಕ! ಹಾಗಾಗಿ ಇಲ್ಲಿ ದೋಷಕ್ಕೂ ಹೊಸ ವಸ್ತುವಿಗೂ ನಡುವೆ ಗೋಡೆಯಿಲ್ಲ, ಎಷ್ಟು ಸಲ ಬಂತು ಎಂಬ ಎಣಿಕೆ ಮಾತ್ರ ಇದೆ. ಸಿಲಿಕಾನ್ ಕಾರ್ಬೈಡ್ ಇದೇ ಆಟವನ್ನು ಇನ್ನೂರಕ್ಕೂ ಹೆಚ್ಚು ಬಗೆಯ ಪೇರಿಕೆಗಳಲ್ಲಿ ಆಡುತ್ತದೆ. ವರ್ಮಾ ಅವರೂ ಪಿ. ಕೃಷ್ಣ ಅವರೂ ಸೇರಿ 1966ರಲ್ಲಿ ಅದರ ಮೇಲೆ ಪುಸ್ತಕವನ್ನೇ ಬರೆದರು.

ಎರಡು ಪೇರಿಕೆಗಳ ಶಕ್ತಿಯ ಅಂತರ ಬಹಳ ಕಡಿಮೆ. ಗ್ಯಾಲಿಯಂ ಆರ್ಸೆನೈಡ್‌ಗೆ ಲೆಕ್ಕಾಚಾರ ಕೊಡುವ ಉತ್ತರ ಒಂದು ಜೋಡಿಗೆ ಸುಮಾರು 24 ಮಿಲಿ ಎಲೆಕ್ಟ್ರಾನ್ ವೋಲ್ಟ್. ತಂತಿ ಬೆಳೆಯುವ 450 ಡಿಗ್ರಿಯಲ್ಲಿ ಉಷ್ಣದ ಕುಲುಕಾಟವೇ 62ರಷ್ಟಿರುತ್ತದೆ. ಒಂದು ಪದರದ ದಪ್ಪ 0.326 ನ್ಯಾನೋಮೀಟರ್, 3 ಮೈಕ್ರೋಮೀಟರ್ ಉದ್ದದ ತಂತಿಯಲ್ಲಿ 9 ಸಾವಿರಕ್ಕೂ ಹೆಚ್ಚು ಪದರಗಳು. ಅಷ್ಟು ಸಲವೂ ಸ್ಫಟಿಕ ಎಡವೋ ಬಲವೋ ಎಂದು ತೀರ್ಮಾನಿಸಬೇಕು. ನ್ಯಾನೋತಂತಿ ಬೆಳೆಸಿದವರು ಮೊದಲು ಕಂಡದ್ದು ಇದರ ಫಲ: ಒಂದೇ ತಂತಿಯಲ್ಲಿ ಒಂದಿಷ್ಟು ಘನಾಕೃತಿ, ಒಂದಿಷ್ಟು ಷಟ್ಕೋನ, ನಡುನಡುವೆ ಅವಳಿಗಳು.

ದೊಡ್ಡ ಗಟ್ಟಿಯಲ್ಲಿ ಎಂದೂ ಬಾರದ ವುರ್ಟ್‌ಸೈಟ್ ತಂತಿಯಲ್ಲಿ ಯಾಕೆ ಬರುತ್ತದೆ? 2007ರಲ್ಲಿ ಫ್ರಾನ್ಸಿನ ಫ್ರಾಂಕ್ ಗ್ಲಾಸ್, ಹಾರ್ಮಂದ್, ಪಾತ್ರಿಯಾರ್ಶ್ ಕೊಟ್ಟ ಉತ್ತರವನ್ನು ನಾನು ಈ ಕ್ಷೇತ್ರದ ಅತಿ ಸುಂದರ ಪ್ರಬಂಧಗಳಲ್ಲಿ ಒಂದೆಂದು ಎಣಿಸುತ್ತೇನೆ. ಹೊಸ ಪದರ ಹುಟ್ಟುವುದು ಹನಿಯ ನಡುವಿನಲ್ಲಲ್ಲ. ಹನಿ, ಆವಿ, ಘನ ಮೂರೂ ಸೇರುವ ಅಂಚಿನಲ್ಲಿ. ಅಂಚಿನಲ್ಲಿ ಹುಟ್ಟಿದ ದ್ವೀಪಕ್ಕೆ ತನ್ನದೇ ಒಂದು ಪಕ್ಕದ ಗೋಡೆ ಇರುತ್ತದೆ, ಅದು ಆವಿಗೆ ಒಡ್ಡಿಕೊಂಡಿರುತ್ತದೆ. ಷಟ್ಕೋನದ ದ್ವೀಪದ ಗೋಡೆ ಶಕ್ತಿಯ ಲೆಕ್ಕದಲ್ಲಿ ಅಗ್ಗ. ಒಳಗೆ ಆಗುವ ನಷ್ಟವನ್ನು ಗೋಡೆಯ ಲಾಭ ತುಂಬಿಕೊಡುತ್ತದೆ. ದೊಡ್ಡ ಸ್ಫಟಿಕಕ್ಕೆ ಇಂಥ ಅಂಚೇ ಇಲ್ಲದ್ದರಿಂದ ಅಲ್ಲಿ ಈ ಪ್ರಶ್ನೆ ಏಳುವುದಿಲ್ಲ.

ಒಂಬತ್ತು ವರ್ಷದ ನಂತರ ಇದನ್ನು ಕಣ್ಣಾರೆ ನೋಡುವಂತಾಯಿತು. ಐಬಿಎಂನಲ್ಲಿದ್ದ ಫ್ರಾನ್ಸೆಸ್ ರಾಸ್ ಅವರ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನೊಳಗೇ ಅನಿಲ ಹಾಯಿಸಿ ಗ್ಯಾಲಿಯಂ ಆರ್ಸೆನೈಡ್ ತಂತಿ ಬೆಳೆಸುವ ಏರ್ಪಾಡು ಇತ್ತು. ಲುಂಡ್‌ನ ತಂಡದೊಂದಿಗೆ ಸೇರಿ ಅವರು 2016ರಲ್ಲಿ ಪ್ರಕಟಿಸಿದ ಚಿತ್ರಗಳಲ್ಲಿ ಹನಿಯೂ ಅದರ ಕೆಳಗೆ ಹರಡುವ ಪದರವೂ ಸ್ಪಷ್ಟವಾಗಿ ಕಾಣುತ್ತವೆ. ವುರ್ಟ್‌ಸೈಟ್ ಬೆಳೆಯುವಾಗ ತಂತಿಯ ನೆತ್ತಿ ಚಪ್ಪಟೆ. ಪದರ ಒಂದು ಅಂಚಿನಲ್ಲಿ ಹುಟ್ಟಿ ನಿಧಾನವಾಗಿ ಇನ್ನೊಂದು ಅಂಚಿಗೆ ಹರಿಯುತ್ತದೆ. ಜಿಂಕ್ ಬ್ಲೆಂಡ್ ಬೆಳೆಯುವಾಗ ನೆತ್ತಿಯ ಮೂಲೆ ಕತ್ತರಿಸಿದಂತಾಗುತ್ತದೆ; ಪದರ ಥಟ್ಟನೆ ಮುಗಿದುಹೋಗುತ್ತದೆ, ಮೂಲೆ ಮತ್ತೆ ನಿಧಾನಕ್ಕೆ ಕತ್ತರಿಸಿಕೊಳ್ಳುತ್ತದೆ. ಯಾವುದು ಬರಬೇಕು ಎಂಬುದನ್ನು ನಿರ್ಧರಿಸುತ್ತಿದ್ದುದು ಹನಿ ತಂತಿಯ ಮೇಲೆ ಕೂತ ಕೋನ. ಸುಮಾರು 100ರಿಂದ 125 ಡಿಗ್ರಿಯೊಳಗೆ ವುರ್ಟ್‌ಸೈಟ್, ಆ ಪಟ್ಟಿಯ ಹೊರಗೆ ಜಿಂಕ್ ಬ್ಲೆಂಡ್. ಆರ್ಸೆನಿಕ್ ಹರಿವನ್ನು ತುಸು ಏರಿಸಿದರೆ ಹನಿಯಲ್ಲಿನ ಗ್ಯಾಲಿಯಂ ಖರ್ಚಾಗಿ ಹನಿ ಕುಗ್ಗುತ್ತದೆ, ಇಳಿಸಿದರೆ ಉಬ್ಬುತ್ತದೆ, ಕೋನ ಬದಲಾಗುತ್ತದೆ. ಅನಿಲದ ಕೀಲಿ ತಿರುಗಿಸಿ ಪದರದ ಕ್ರಮವನ್ನೇ ಬರೆಯಬಹುದು ಎಂದಾಯಿತು.

ಬರೆಯಲು ಬಾರದಿದ್ದಾಗ ಏನಾಗುತ್ತಿತ್ತು? ಲುಂಡ್‌ನ ಥೆಲಾಂಡರ್ ತಂಡ 2011ರಲ್ಲಿ ಇಂಡಿಯಂ ಆರ್ಸೆನೈಡ್ ತಂತಿಗಳನ್ನು ಹೋಲಿಸಿತು. ಎರಡು ಪೇರಿಕೆಗಳೂ ಕಲಸಿಹೋದ ತಂತಿಯ ರೋಧಕತೆ ಶುದ್ಧವಾದದ್ದಕ್ಕಿಂತ ನೂರು ಪಟ್ಟಿನವರೆಗೂ ಹೆಚ್ಚಿತ್ತು. ಪರಮಾಣುಗಳು ಅವೇ, ಸಂಖ್ಯೆಯೂ ಅಷ್ಟೇ, ಒಂದು ಬಂಧವೂ ತುಂಡಾಗಿಲ್ಲ. ಆದರೆ ಎರಡು ಪೇರಿಕೆಗಳಲ್ಲಿ ಎಲೆಕ್ಟ್ರಾನಿನ ಶಕ್ತಿಯ ಮಟ್ಟ ಒಂದೇ ಅಲ್ಲ. ಪ್ರತಿ ಗಡಿಯೂ ಒಂದು ಮೆಟ್ಟಿಲು. ಎತ್ತರ ಕಡಿಮೆ, ನಿಜ. ಆದರೆ ಮೈಕ್ರೋಮೀಟರಿಗೆ ನೂರಾರು ಗಡಿಗಳು, ಅವುಗಳ ನಡುವಿನ ದೂರಕ್ಕೆ ಯಾವ ನಿಯಮವೂ ಇಲ್ಲ. ದಪ್ಪ ಕಂಬಿಯಲ್ಲಾದರೆ ಎಲೆಕ್ಟ್ರಾನು ದೋಷವನ್ನು ಬಳಸಿಕೊಂಡು ಹೋದೀತು. ತಂತಿಯಲ್ಲಿ ಅವಳಿ ತಲ ಈ ಗೋಡೆಯಿಂದ ಆ ಗೋಡೆಯವರೆಗೆ ಅಡ್ಡ ನಿಂತಿರುತ್ತದೆ, ಸುತ್ತಿ ಹೋಗಲು ಜಾಗವೇ ಇಲ್ಲ.

ಬೆಳಕಿನ ವಿಷಯದಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ವುರ್ಟ್‌ಸೈಟ್ ಇಂಡಿಯಂ ಫಾಸ್ಫೈಡ್‌ನ ಬ್ಯಾಂಡ್ ಗ್ಯಾಪ್ ಜಿಂಕ್ ಬ್ಲೆಂಡ್‌ಗಿಂತ ಸುಮಾರು 80 ಮಿಲಿ ಎಲೆಕ್ಟ್ರಾನ್ ವೋಲ್ಟ್ ಹೆಚ್ಚು. ಅದಕ್ಕಿಂತ ಮುಖ್ಯವಾಗಿ, ಎರಡೂ ಪಕ್ಕಪಕ್ಕ ಬಂದಾಗ ಎಲೆಕ್ಟ್ರಾನುಗಳು ಜಿಂಕ್ ಬ್ಲೆಂಡ್ ತುಣುಕಿನಲ್ಲಿ ನೆಲೆಸುತ್ತವೆ, ಅವು ಬಿಟ್ಟುಹೋದ ಖಾಲಿ ಜಾಗಗಳು, ಅಂದರೆ ಹೋಲ್‌ಗಳು, ವುರ್ಟ್‌ಸೈಟ್ ತುಣುಕಿನಲ್ಲಿ. ಗಂಡಹೆಂಡಿರನ್ನು ಬೇರೆ ಬೇರೆ ಊರಿಗೆ ವರ್ಗ ಮಾಡಿದ ಹಾಗೆ ಎಂದು ನನ್ನ ಸಹೋದ್ಯೋಗಿಯೊಬ್ಬರು ನಗುತ್ತಿದ್ದರು. ಅವು ಕೂಡಿ ಬೆಳಕಾಗುವುದು ನಿಧಾನ. ಹೊಮ್ಮುವ ಬೆಳಕಿನ ಶಕ್ತಿಯೂ ಎರಡು ವಸ್ತುಗಳ ಬ್ಯಾಂಡ್ ಗ್ಯಾಪಿಗಿಂತ ಕಡಿಮೆ. ತುಣುಕುಗಳ ಉದ್ದ ಅಡ್ಡಾದಿಡ್ಡಿಯಾಗಿದ್ದರೆ ಒಂದು ತಂತಿ ಒಂದು ಬಣ್ಣ, ಪಕ್ಕದ್ದು ಇನ್ನೊಂದು. ಆದರೆ ಉದ್ದ ನಮ್ಮ ಕೈಯಲ್ಲಿದ್ದರೆ? 2010ರಲ್ಲಿ ಡೆಲ್ಫ್ಟ್‌ನ ಅಕೋಪಿಯನ್, ಜ್ವಿಲ್ಲರ್ ಮೊದಲಾದವರು ವುರ್ಟ್‌ಸೈಟ್ ತಂತಿಯೊಳಗಿನ ಒಂದು ಜಿಂಕ್ ಬ್ಲೆಂಡ್ ತುಣುಕು ಕ್ವಾಂಟಂ ಡಾಟ್ ಆಗಿ ಕೆಲಸ ಮಾಡುವುದನ್ನು ತೋರಿಸಿದರು. ಎರಡು ಬೇರೆ ವಸ್ತುಗಳನ್ನು ಒಂದರ ಮೇಲೊಂದು ಬೆಳೆಸಿ ಡಾಟ್ ಮಾಡಹೊರಟರೆ ಗಡಿ ಮಸುಕಾಗುತ್ತದೆ, ಏಕೆಂದರೆ ಹಿಂದಿನ ವಸ್ತು ಹನಿಯಲ್ಲಿ ಇನ್ನೂ ಉಳಿದಿರುತ್ತದೆ. ಇಲ್ಲಿ ಎರಡೂ ಕಡೆ ಅದೇ ಇಂಡಿಯಂ, ಅದೇ ಫಾಸ್ಫರಸ್. ಗಡಿ ಒಂದು ಪದರದಷ್ಟೇ ತೆಳು. ಇದಕ್ಕಿಂತ ಚೊಕ್ಕವಾದ ಗಡಿ ಅರೆವಾಹಕ ಲೋಕದಲ್ಲಿ ಇನ್ನೊಂದಿಲ್ಲ ಎಂದೇ ನನ್ನ ತೀರ್ಮಾನ.

ಅವಳಿಗಳನ್ನೂ ಹೀಗೆ ಸಾಲಾಗಿ ನಿಲ್ಲಿಸಿದವರಿದ್ದಾರೆ. ಇಂಡಿಯಂ ಫಾಸ್ಫೈಡ್ ಬೆಳೆಯುವಾಗ ಸತು ಸೇರಿಸಿದರೆ ತಂತಿಯ ಗೋಡೆ ಒಮ್ಮೆ ಹೊರಕ್ಕೆ ವಾಲುತ್ತದೆ, ಹನಿಯ ಆಕಾರ ಸೊಟ್ಟಗಾಗಿ ಒಂದು ಹಂತದಲ್ಲಿ ಅವಳಿ ಬೀಳುವುದೇ ಅಗ್ಗವಾಗುತ್ತದೆ. ಬಿದ್ದ ಮೇಲೆ ಗೋಡೆ ಒಳಕ್ಕೆ ವಾಲುತ್ತದೆ. ಹೀಗೆ ಅಂಕುಡೊಂಕು ಗೋಡೆಯ ತಂತಿಯಲ್ಲಿ ಸಮಾನ ದೂರಕ್ಕೊಂದು ಅವಳಿ. ಇದನ್ನು ನೆದರ್ಲೆಂಡ್ಸಿನ ಆಲ್ಗ್ರಾ, ಬಕ್ಕರ್ಸ್ ತಂಡ 2008ರಲ್ಲಿ ವರದಿ ಮಾಡಿತು. ಮರುವರ್ಷ ಲುಂಡ್‌ನ ಕಾರೋಫ್ ತಂಡ ಸತುವಿನ ಗೊಡವೆಯಿಲ್ಲದೆ, ಉಷ್ಣತೆ ಮತ್ತು ದಪ್ಪದ ಹಿಡಿತದಿಂದಲೇ ಇಂಡಿಯಂ ಆರ್ಸೆನೈಡ್‌ನಲ್ಲಿ ಅದನ್ನು ಸಾಧಿಸಿತು.

ಇಷ್ಟೆಲ್ಲ ಹೇಳಿದರೂ, ನ್ಯಾನೋತಂತಿಯ ಅತಿ ದೊಡ್ಡ ದೋಷ ಅದರ ಮೈಯೇ. ಮೇಲ್ಮೈಯ ಪರಮಾಣುವಿಗೆ ಒಂದು ಕಡೆ ಜೊತೆಗಾರನಿಲ್ಲ. ಅಂಥ ಜಾಗದಲ್ಲಿ ಎಲೆಕ್ಟ್ರಾನೂ ಹೋಲೂ ಬೆಳಕು ಕೊಡದೆ ಸಾಯುತ್ತವೆ. ಹನ್ನಾ ಜಾಯ್ಸ್ ಮತ್ತು ಸಂಗಡಿಗರು 2013ರಲ್ಲಿ ಟೆರಾಹರ್ಟ್ಜ್ ಅಲೆಗಳಿಂದ ಇದರ ವೇಗವನ್ನು ಅಳೆದರು. ಬರಿಮೈ ಗ್ಯಾಲಿಯಂ ಆರ್ಸೆನೈಡ್‌ನಲ್ಲಿ ಸೆಕೆಂಡಿಗೆ 5 ಲಕ್ಷ ಸೆಂಟಿಮೀಟರಿಗೂ ಹೆಚ್ಚು, ಇಂಡಿಯಂ ಫಾಸ್ಫೈಡ್‌ನಲ್ಲಿ 170. ಈ ಅಂಕಿಯನ್ನು 50 ನ್ಯಾನೋಮೀಟರ್ ದಪ್ಪದ ತಂತಿಗೆ ಹಾಕಿ ನೋಡಿದರೆ ಮೊದಲನೆಯದರಲ್ಲಿ ಎಲೆಕ್ಟ್ರಾನಿನ ಆಯಸ್ಸು ಎರಡೂವರೆ ಪಿಕೋಸೆಕೆಂಡ್, ಎರಡನೆಯದರಲ್ಲಿ 7 ನ್ಯಾನೋಸೆಕೆಂಡ್. ಸುಮಾರು ಮೂರು ಸಾವಿರ ಪಟ್ಟು. ಗ್ಯಾಲಿಯಂ ಆರ್ಸೆನೈಡ್ ತಂತಿಗೆ ಅಲ್ಯೂಮಿನಿಯಂ ಬೆರೆತ ಹೊದಿಕೆ ತೊಡಿಸದೆ ಬೆಳಕಿನ ಕೆಲಸಕ್ಕೆ ಇಳಿಯುವವರು ವಿರಳ. ಅವಳಿಗಳ ಮಾತಿಗೆ ಮರಳಿದರೆ, ಆಂಧ್ರದಲ್ಲಿ ಹುಟ್ಟಿ ಕ್ಯಾನ್ಬೆರಾದಲ್ಲಿ ನೆಲೆಸಿದ ಚೆನ್ನುಪತಿ ಜಗದೀಶ್ ಅವರ ಪ್ರಯೋಗಾಲಯದಲ್ಲಿ, ಜಾಯ್ಸ್ ಅಲ್ಲಿ ವಿದ್ಯಾರ್ಥಿಯಾಗಿದ್ದಾಗ, ಅವಳಿಗಳಿಲ್ಲದ ತಂತಿ ಬೆಳೆಸುವ ಉಪಾಯ ಸಿಕ್ಕಿತ್ತು: ಹೆಚ್ಚಿನ ಉಷ್ಣತೆಯಲ್ಲಿ ಬುಡ ನಿಲ್ಲಿಸಿ, ಆಮೇಲೆ ಉಷ್ಣತೆ ಇಳಿಸಿ ಉದ್ದ ಬೆಳೆಸುವುದು.

ಶಾಖಕ್ಕೆ ಮಾತ್ರ ಮೈ ಕೆಟ್ಟಿದ್ದರೇ ಲಾಭ. 2008ರಲ್ಲಿ ಬರ್ಕ್ಲಿಯ ತಂಡವೊಂದು ಕೊರೆದು ಒರಟು ಮಾಡಿದ, ಸುಮಾರು 50 ನ್ಯಾನೋಮೀಟರಿನ ಸಿಲಿಕಾನ್ ತಂತಿಯ ಉಷ್ಣವಾಹಕತೆ ಗಟ್ಟಿ ಸಿಲಿಕಾನಿನ ನೂರನೆಯ ಒಂದು ಪಾಲಿಗೆ ಇಳಿದದ್ದನ್ನು ತೋರಿಸಿತು. ವಿದ್ಯುತ್ತು ಹೋಗಬೇಕು, ಶಾಖ ಹೋಗಬಾರದು ಎನ್ನುವ ಥರ್ಮೋಎಲೆಕ್ಟ್ರಿಕ್ ಸಾಧನಗಳಿಗೆ ಬೇಕಾದದ್ದು ಅದೇ.

ಚಿನ್ನದ ಬಗ್ಗೆ ನನಗೊಂದು ತಕರಾರಿದೆ. ಹನಿಯಲ್ಲಿದ್ದ ಚಿನ್ನ ಹನಿಯಲ್ಲೇ ಉಳಿಯುವುದಿಲ್ಲ. ಚಿನ್ನದ ಬಿಡಿ ಪರಮಾಣುಗಳು ಸಿಲಿಕಾನ್ ತಂತಿಯೊಳಗೆ ಸೇರಿಕೊಂಡಿರುವುದನ್ನು 2008ರಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಬಿಡಿಬಿಡಿಯಾಗಿ ನೋಡಿದ್ದಾರೆ. ಸಿಲಿಕಾನ್‌ನಲ್ಲಿ ಚಿನ್ನ ಬ್ಯಾಂಡ್ ಗ್ಯಾಪಿನ ನಡುಮಧ್ಯದಲ್ಲಿ ಬಲೆ ಬೀಸಿ ಕೂರುತ್ತದೆ; ಚಿಪ್ ಕಾರ್ಖಾನೆಗಳು ಅದನ್ನು ಹೊಸಿಲೊಳಗೆ ಬಿಟ್ಟುಕೊಳ್ಳುವುದಿಲ್ಲ. ಇವತ್ತು ಮಾರುಕಟ್ಟೆಯಲ್ಲಿರುವ ನ್ಯಾನೋಶೀಟ್ ಟ್ರಾನ್ಸಿಸ್ಟರುಗಳು ಹನಿಯಿಂದ ಬೆಳೆದವಲ್ಲ, ಮೇಲಿನಿಂದ ಕೆತ್ತಿದವು. ಬೆಳೆಸಿದ ತಂತಿ ಸಿಲಿಕಾನ್ ಚಿಪ್ಪನ್ನು ಸೋಲಿಸುತ್ತದೆ ಎಂದು ಇಪ್ಪತ್ತು ವರ್ಷದ ಹಿಂದೆ ಹಬ್ಬಿದ್ದ ಮಾತು ಆಗಲೇ ಅತಿಯಾಗಿತ್ತು. ಗ್ಯಾಲಿಯಂ ಆರ್ಸೆನೈಡ್‌ಗೆ ಚಿನ್ನದ ಬದಲು ಗ್ಯಾಲಿಯಂ ಹನಿಯನ್ನೇ ಬಳಸುವ ದಾರಿಯೊಂದಿದೆ, ಅದು ನನಗೆ ಹೆಚ್ಚು ಪ್ರಾಮಾಣಿಕವೆನಿಸುತ್ತದೆ. ಇನ್ನು ಮಯೋರಾನಾ ಎಂಬ ವಿಶಿಷ್ಟ ಕ್ವಾಂಟಂ ಸ್ಥಿತಿಗಳಿಗಾಗಿ ಇಂಡಿಯಂ ಆಂಟಿಮೊನೈಡ್ ತಂತಿಗಳಲ್ಲಿ ನಡೆದಿರುವ ಹುಡುಕಾಟದಲ್ಲಿ ದೊಡ್ಡ ಅಡ್ಡಿಗಳಲ್ಲಿ ಒಂದು ಅಳಿದುಳಿದ ಕಲ್ಮಷ. ಬೇಕಾದ ಸಂಕೇತದಂತೆಯೇ ಕಾಣುವ ಸಂಕೇತವನ್ನು ಅದೂ ಹುಟ್ಟಿಸಬಲ್ಲದು.

ಡಿಸ್‌ಲೊಕೇಶನ್‌ಗಳ ಕಥೆ ಏನಾಯಿತು? ತೆಳುವಾದ ತಂತಿಯಲ್ಲಿ ಅವು ನಿಲ್ಲುವುದು ಕಷ್ಟ. ಡಿಸ್‌ಲೊಕೇಶನ್ ತನ್ನ ಸುತ್ತ ಸ್ಫಟಿಕವನ್ನು ಹಿಗ್ಗಿಸಿ ಕುಗ್ಗಿಸಿರುತ್ತದೆ. ಹತ್ತಿರದಲ್ಲೇ ಹೊರಮೈ ಇದ್ದರೆ ಅತ್ತ ಜಾರಿ ಹೊರಬೀಳುತ್ತದೆ. ಇದರಿಂದ ದೊಡ್ಡ ಉಪಕಾರವಾಗಿದೆ. ಸಿಲಿಕಾನಿಗೂ ಗ್ಯಾಲಿಯಂ ಆರ್ಸೆನೈಡಿಗೂ ಪರಮಾಣುಗಳ ಅಂತರದಲ್ಲಿ ಶೇ. 4ರ ವ್ಯತ್ಯಾಸ, ಇಂಡಿಯಂ ಆರ್ಸೆನೈಡಿಗಾದರೆ ಶೇ. 11ಕ್ಕೂ ಹೆಚ್ಚು. ಹಾಳೆಯಾಗಿ ಬೆಳೆಸಿದರೆ ಡಿಸ್‌ಲೊಕೇಶನ್‌ಗಳು ಮೇಲಿನವರೆಗೂ ಹಬ್ಬಿ ಸಾಧನವನ್ನು ಕೆಡಿಸುತ್ತವೆ. ತಂತಿಯಾಗಿ ಬೆಳೆಸಿದರೆ ಬುಡದಲ್ಲೇ ನಿಂತು ಮೇಲಿನದು ಶುದ್ಧವಾಗಿರುತ್ತದೆ. ಗ್ಯಾಲಿಯಂ ನೈಟ್ರೈಡ್ ಮಾತ್ರ ಈ ಲೆಕ್ಕಕ್ಕೆ ಸೊಪ್ಪು ಹಾಕದ ವಸ್ತು: ನೀಲಮಣಿಯ ಮೇಲೆ ಬೆಳೆಸಿದ ಅದರ ಹಾಳೆಯಲ್ಲಿ ಚದರ ಸೆಂಟಿಮೀಟರಿಗೆ ಕೋಟಿಗಟ್ಟಲೆ ಡಿಸ್‌ಲೊಕೇಶನ್‌ಗಳಿದ್ದರೂ ಅದರಿಂದ ಮಾಡಿದ ನೀಲಿ ಎಲ್‌ಇಡಿ ಉರಿಯುತ್ತದೆ, 2014ರ ನೊಬೆಲ್ ತಂದುಕೊಟ್ಟಿತು.

ಆದರೂ ಡಿಸ್‌ಲೊಕೇಶನ್ ಹಿಡಿದೇ ಬೆಳೆದ ತಂತಿಯೂ ಉಂಟು. 2008ರಲ್ಲಿ ವಿಸ್ಕಾನ್ಸಿನ್‌ನ ಸಾಂಗ್ ಜಿನ್ ಅವರ ತಂಡ ಸೀಸದ ಸಲ್ಫೈಡ್ ತಂತಿಗಳನ್ನು ಬೆಳೆಸಿದಾಗ ಪೈನ್ ಮರದಂಥ ಆಕಾರ ಬಂತು. ನೆತ್ತಿಯಲ್ಲಿ ಲೋಹದ ಹನಿಯಿಲ್ಲ. ಕಾಂಡದ ನಡುವಿನಲ್ಲಿ ಸ್ಕ್ರೂ ಡಿಸ್‌ಲೊಕೇಶನ್. ಸಿಯರ್ಸ್ ಊಹಿಸಿದ್ದ ಬಗೆಯ ಬೆಳವಣಿಗೆ ಕಡೆಗೂ ತನ್ನ ವಸ್ತುವನ್ನು ಕಂಡುಕೊಂಡಿತ್ತು. ಅಲ್ಲದೆ ಕೊಂಬೆಗಳು ಕಾಂಡದ ಸುತ್ತ ತಿರುಗುಮೆಟ್ಟಿಲಿನಂತೆ ಏರಿದ್ದವು. ನಡುವೆ ಸ್ಕ್ರೂ ಡಿಸ್‌ಲೊಕೇಶನ್ ಇರುವ ತೆಳು ಕಂಬಿ ತನ್ನಷ್ಟಕ್ಕೇ ಹುರಿಗೊಳ್ಳಬೇಕು ಎಂದು ಎಶೆಲ್ಬಿ 1953ರಲ್ಲೇ ಲೆಕ್ಕ ಹಾಕಿ ಹೇಳಿದ್ದರು. ಆ ಹುರಿಯನ್ನು ಇಲ್ಲಿ ಕೊಂಬೆ ಎಣಿಸಿಯೇ ಅಳೆಯಬಹುದಿತ್ತು.

ಪೇರಿಕೆಯ ಕ್ರಮ ಬದಲಾದರೆ ವಸ್ತುವಿನ ಸ್ವಭಾವವೇ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಎರಡು ಉದಾಹರಣೆ ಸಾಕು, ಎರಡೂ ಐಂಡ್‌ಹೋವನ್‌ನ ಬಕ್ಕರ್ಸ್ ಗುಂಪಿನವು. ಗ್ಯಾಲಿಯಂ ಫಾಸ್ಫೈಡ್‌ನ ಬ್ಯಾಂಡ್ ಗ್ಯಾಪ್ ಪರೋಕ್ಷ ಬಗೆಯದು, ಬೆಳಕು ಕೊಡುವುದರಲ್ಲಿ ಜಿಪುಣ. 2013ರಲ್ಲಿ ಅದನ್ನು ವುರ್ಟ್‌ಸೈಟ್ ತಂತಿಯಾಗಿ ಬೆಳೆಸಿದಾಗ ನೇರ ಬಗೆಯದಾಗಿ, 594 ನ್ಯಾನೋಮೀಟರ್ ಆಸುಪಾಸಿನಲ್ಲಿ ಬೆಳಗಿತು. 2020ರದು ಇನ್ನೂ ದೊಡ್ಡದು. ವುರ್ಟ್‌ಸೈಟ್ ಗ್ಯಾಲಿಯಂ ಆರ್ಸೆನೈಡ್ ತಂತಿಯನ್ನು ಅಚ್ಚಾಗಿಟ್ಟುಕೊಂಡು ಅದರ ಮೇಲೆ ಜರ್ಮೇನಿಯಂ, ಸಿಲಿಕಾನ್–ಜರ್ಮೇನಿಯಂ ಹೊದಿಕೆ ಬೆಳೆಸಿದರು. ಕೆಳಗಿನ ಷಟ್ಕೋನದ ಕ್ರಮವನ್ನೇ ಹೊದಿಕೆಯೂ ಹಿಡಿಯಿತು. ಐವತ್ತು ವರ್ಷದಿಂದ ಬೆಳಕು ಕೊಡಲೊಲ್ಲೆ ಎಂದಿದ್ದ ವಂಶ 1.8ರಿಂದ 3.5 ಮೈಕ್ರೋಮೀಟರ್ ಅತಿಕೆಂಪಿನಲ್ಲಿ ಬೆಳಕು ಕೊಟ್ಟಿತು. ಆ ಷಟ್ಕೋನದ ಹೊದಿಕೆಯಲ್ಲೂ ಈಗ ಅದರದೇ ಪೇರಿಕೆ ದೋಷಗಳು ಕಂಡಿವೆ. ಅವು ಬೆಳಕಿಗೆ ಹೆಚ್ಚು ತೊಂದರೆ ಮಾಡಲಾರವು ಎಂದು ಲೆಕ್ಕ ಹೇಳುತ್ತಿದೆ.

ವಿದ್ಯಾರ್ಥಿಗಳಿಗೆ ಕೆಲಸಕ್ಕೆ ಬರುವ ಒಂದು ಮಾತು ಉಳಿದಿದೆ. ಪ್ರಬಂಧಗಳಲ್ಲಿ ದೋಷರಹಿತ ತಂತಿ ಎಂಬ ಶೀರ್ಷಿಕೆಯ ಕೆಳಗೆ ಸುಂದರವಾದ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಚಿತ್ರ ಇರುತ್ತದೆ. ಆ ಚಿತ್ರವನ್ನು ಯಾವ ದಿಕ್ಕಿನಿಂದ ತೆಗೆದಿದ್ದಾರೆ ಎಂದು ಮೊದಲು ನೋಡಿ. ಘನಾಕೃತಿಯ ತಂತಿ ಸಾಮಾನ್ಯವಾಗಿ 111 ದಿಕ್ಕಿನಲ್ಲಿ ಬೆಳೆಯುತ್ತದೆ. ಅದನ್ನು 110 ದಿಕ್ಕಿನಿಂದ ನೋಡಿದರೆ ಎ, ಬಿ, ಸಿ ಪದರಗಳು ಬೇರೆ ಬೇರೆಯಾಗಿ ಕಂಡು ಒಂದೊಂದು ಅವಳಿಯೂ ಕಣ್ಣಿಗೆ ಬೀಳುತ್ತದೆ. ತಂತಿಯನ್ನು ತನ್ನ ಅಕ್ಷದ ಸುತ್ತ 30 ಡಿಗ್ರಿ ತಿರುಗಿಸಿ 112 ದಿಕ್ಕಿನಿಂದ ನೋಡಿದರೆ ಅದೇ ತಂತಿ, ಅಷ್ಟೇ ಅವಳಿಗಳು, ಒಂದೂ ಕಾಣುವುದಿಲ್ಲ. ಆಮೇಲೆ ಎಷ್ಟು ತಂತಿ ನೋಡಿದ್ದಾರೆ ಎಂದು ಕೇಳಿ. ಒಂದು ಚದರ ಮಿಲಿಮೀಟರಿನಲ್ಲಿ ಲಕ್ಷಗಟ್ಟಲೆ ತಂತಿಗಳಿರುತ್ತವೆ, ಮೈಕ್ರೋಸ್ಕೋಪಿನ ಜಾಲರಿಗೆ ಬಂದು ಬೀಳುವುದು ಕೆಲವು ಡಜನ್. ವಿದ್ಯುತ್ ಅಳತೆ ಮಾಡಿದ ತಂತಿಯೇ ಬೇರೆ, ಚಿತ್ರ ತೆಗೆದ ತಂತಿಯೇ ಬೇರೆ ಆಗಿರುವುದೂ ಸಾಮಾನ್ಯ. ಅಳೆದ ತಂತಿಯನ್ನೇ ಕಿತ್ತು ಮೈಕ್ರೋಸ್ಕೋಪಿಗೆ ಒಯ್ದು ಪದರ ಎಣಿಸುವುದು ತಿಂಗಳುಗಟ್ಟಲೆ ತಿನ್ನುವ ಕೆಲಸ. ಇಂಥ ಪ್ರಬಂಧಗಳು ಕಡಿಮೆ, ಓದಬೇಕಾದವು ಅವು.